ನಾಲ್ಕನೇ ಬಾಗಿಲು ತೆಗೀರಿ

ಅವಳ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮನೆಯಲ್ಲೂ ಬೀದಿಯಲ್ಲೂ ಅವಳು ಗಡಿಬಿಡಿ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ದೊಡ್ಡಮ್ಮನ ಚಪ್ಪಲಿ ಸಿಕ್ಕಿಸಿಕೊಂಡು ಪರೀಕ್ಷೆಗೆ ಓಡಿದ ದಿನ ದೊಡ್ಡಮ್ಮನೇ ಇಟ್ಟ ಹೆಸರು. ಅಂಟು ಹಚ್ಚಿದ ಹಾಗೆ ಉಳಿದುಬಿಟ್ಟಿತು. ಟಿಪ್ಪಣಿ, ಪ್ರಬಂಧ, ಜಗಳ, ಕ್ಷಮಾಪಣೆ ಎಲ್ಲವನ್ನೂ ಅವಳು ಫೋನಿನಲ್ಲೇ ಬರೆಯುತ್ತಿದ್ದಳು, ಅದೂ ಮೆಟ್ಟಿಲು ಇಳಿಯುತ್ತಾ. ಕೊನೆಗೆ ಒಂದು ಆಟವನ್ನೂ ಫೋನಿನಲ್ಲೇ ಕಟ್ಟಿಬಿಟ್ಟಳು.

ಆಟದ ಹೆಸರು ‘ಏಳು ಬೀಗದ ಮನೆ’. ಡೌನ್‌ಲೋಡ್ ಮಾಡುವ ಗೋಜಿಲ್ಲ, ಬ್ರೌಸರಿನಲ್ಲಿ ಲಿಂಕ್ ಒತ್ತಿದರೆ ಸಾಕು. ಏಳು ಕೋಣೆ, ಏಳು ಬಾಗಿಲು, ಪ್ರತಿ ಬಾಗಿಲಿಗೂ ಒಗಟಿನಂಥ ಒಂದು ಬೀಗ. ಕೊನೆಯಲ್ಲಿ ನಿಧಿ ಗಿಧಿ ಏನಿಲ್ಲ, ಒಂದು ಕುರ್ಚಿ ಇದೆ. “ಅಷ್ಟು ದೂರ ಬಂದೋರಿಗೆ ಕಾಲು ನೋಯಲ್ವೇನೇ, ಕೂರೋಕೆ ಏನಾದ್ರೂ ಇಡು” ಎಂದು ದೊಡ್ಡಮ್ಮ ಹಟ ಹಿಡಿದಿದ್ದಳು.

ದೊಡ್ಡಮ್ಮನ ಮಾತು ನಡೆಯಲೇಬೇಕಿತ್ತು. ಏಕೆಂದರೆ ಆ ಬೀಗಗಳೆಲ್ಲ ಅವಳವು. ಮನೆಯ ಕೆಳಗೆ, ಮೆಟ್ಟಿಲಿನಡಿಯ ಜಾಗದಲ್ಲಿ, ಅವಳ ಬೀಗ ರಿಪೇರಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು. ಮೂವತ್ತು ವರ್ಷ ಊರವರ ಬಾಗಿಲುಗಳ ಮುಂದೆ ಮಂಡಿಯೂರಿ ಕೂತವಳು ಅವಳು. ಹಾಗೆ ಕೂತಾಗೆಲ್ಲ ತಲೆಗೆ ಬಂದ ತನ್ನದೇ ಬೀಗಗಳನ್ನು ಶೂ ಡಬ್ಬಿಗಳ ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಕಬ್ಬಿಣದಲ್ಲಿ ಅವನ್ನು ಮಾಡಿಸುವವರು ಯಾರೂ ಇರಲಿಲ್ಲ. “ಇಂಥ ಬೀಗ ಹಾಕಿದ್ರೆ ಕಳ್ಳರ ಜೊತೆ ಮನೆಯೋರೂ ಹೊರಗೇ ಇರ್ತಾರೆ” ಎಂದು ಅವಳೇ ನಗುತ್ತಿದ್ದಳು. ಆದರೂ ಒಂದು ಆಸೆ ಇತ್ತು. ತನ್ನ ಬೀಗದ ಮುಂದೆ ಯಾರಾದರೂ ನಿಂತು ತಲೆ ಕೆರೆದುಕೊಳ್ಳಬೇಕು, ಆಮೇಲೆ ‘ಕಟ್’ ಎಂದು ಸದ್ದಾದಾಗ ಅವರ ಮುಖ ಅರಳಬೇಕು.

ಏಳರಲ್ಲಿ ನಾಲ್ಕನೆಯದು ಅವಳಿಗೆ ಪ್ರಾಣ. ಕೀಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅರ್ಧ ಸುತ್ತು ತಿರುಗಿಸಿ, ಸದ್ದು ಬರುವವರೆಗೂ ಕಾದು, ಕಾಲು ಸುತ್ತು ಹಿಂದಕ್ಕೆ ತರಬೇಕು. “ಎರಡು ಬೆರಳಲ್ಲೇ ತಿರುಗಿಸ್ಬೇಕು ಕಣೇ, ಕೀ ಅಂದ್ರೆ ಅದೇ” ಎಂದಿದ್ದಳು. ಗಡಿಬಿಡಿ ಹಾಗೇ ಮಾಡಿದಳು: ಪರದೆಯ ಮೇಲೆ ಎರಡು ಬೆರಳಿಟ್ಟು ತಿರುಗಿಸಿದರೆ ಕೀ ತಿರುಗುತ್ತಿತ್ತು.

ಭಾನುವಾರ ಆಟ ಸೈಟಿಗೆ ಏರಿತು. ಅದು ಸಂದೇಶ, ಕಾಮೆಂಟು ಎಲ್ಲವನ್ನೂ ಎಲ್ಲ ಭಾಷೆಗೂ ಮೆಷಿನ್ನಿನಲ್ಲಿ ಅನುವಾದ ಮಾಡಿ ಹಾಕುವ ಸೈಟು. ಆಟ ಏರಿದ ಕೂಡಲೇ “ಶುಭಾಶಯ, ನಿಮ್ಮ ಆಟ ಕುಳಿತುಕೊಂಡಿದೆ” ಎಂದು ಸಂದೇಶ ಕಳಿಸಿತು. ನಿಯಮ ಮಾತ್ರ ನೇರವಾಗಿತ್ತು. ಹೊಸ ಆಟಕ್ಕೆ ಏಳು ದಿನ ಪರೀಕ್ಷೆ. ಶನಿವಾರ ಸಂಜೆ ಆರಕ್ಕೆ ಮೂರೂವರೆ ಸ್ಟಾರ್‌ಗಿಂತ ಕಡಿಮೆ ಇದ್ದರೆ ಆಟ ಹೊರಕ್ಕೆ, ಮತ್ತೆ ಸೇರಿಸುವುದಿಲ್ಲ.

“ಅಂದ್ರೆ ನನ್ನ ಬೀಗ ಬೀದಿಗೆ ಬೀಳುತ್ತೆ” ಎಂದಳು ದೊಡ್ಡಮ್ಮ.

“ಬೀಳಲ್ಲ ದೊಡ್ಡಮ್ಮ. ನಾನಿದೀನಲ್ಲ.”

“ಅದೇ ಭಯ ನಂಗೆ.”

ಮೊದಲ ಎರಡು ದಿನ ಹಬ್ಬ. ಫೋನಿನ ಅಕ್ಷರ ದೊಡ್ಡಮ್ಮನಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದರಿಂದ, ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಡಿಬಿಡಿ ಕಾಮೆಂಟುಗಳನ್ನು ಓದಿ ಹೇಳುತ್ತಿದ್ದಳು. ಬರೆಯುವವರಿಗೂ ಏನೇನೋ ಹೆಸರು. ‘ಕಾಲುಚೀಲ’ ಎಂಬುವರು “ಎರಡನೇ ಬೀಗ ಮಾಡಿದ ಪುಣ್ಯಾತ್ಮ ಯಾರು, ನಾನು ಆಫೀಸಿಗೆ ಲೇಟು” ಎಂದು ಬರೆದಿದ್ದರು. ದೊಡ್ಡಮ್ಮ ಅದನ್ನು ಮೂರು ಸಲ ಓದಿಸಿ ಕೇಳಿದಳು. ಪ್ರತಿ ಸಂಜೆ ಅವಳ ಪ್ರಶ್ನೆ ಒಂದೇ: “ನಾಲ್ಕನೇದು ಎಷ್ಟು ಜನ ದಾಟಿದ್ರು?”

ಮಂಗಳವಾರ ಗಾಳಿ ತಿರುಗಿತು. ಬಸ್ಸಿನಲ್ಲಿ ನೇತಾಡುತ್ತಾ ಗಡಿಬಿಡಿ ಫೋನ್ ನೋಡಿದರೆ, ಕಾಮೆಂಟಿನ ಮೇಲೆ ಕಾಮೆಂಟು.

“ನಾಲ್ಕನೇ ಬಾಗಿಲು ತೆಗೀರಿ ದಯವಿಟ್ಟು.”

“ಎಲ್ಲಾ ಚೆನ್ನಾಗಿದೆ, ಆ ನಾಲ್ಕನೇ ಬಾಗಿಲೊಂದು ತೆಗೆದುಬಿಡಿ.”

“ಅರ್ಧ ಗಂಟೆ ಆಯ್ತು. ತೆಗೀರಪ್ಪಾ.” ಇದರ ಕೆಳಗೆ ಒಂದೇ ಒಂದು ಸ್ಟಾರು.

ಅವುಗಳ ಮಧ್ಯೆಯೇ ಇನ್ನೊಬ್ಬರು “ನಾಲ್ಕನೇ ಬಾಗಿಲೇ ಈ ಆಟದ ಜೀವ” ಎಂದು ಐದು ಸ್ಟಾರು ಕೊಟ್ಟಿದ್ದರು. ‘ಸೊಳ್ಳೆಬತ್ತಿ’ ಎಂಬ ಹೆಸರಿನವರದು ಎಲ್ಲಕ್ಕಿಂತ ವಿಚಿತ್ರ: “ನನ್ನ ಇಲಿಗೆ ನಾಲ್ಕನೇ ಬಾಗಿಲು ಆಗ್ತಾ ಇಲ್ಲ.”

ಗಡಿಬಿಡಿ ಕಣ್ಣು ಕಣ್ಣು ಬಿಟ್ಟಳು. ಇಲಿಯೆಲ್ಲಿ ಬಂತು? ತಾನು ಮೂರನೇ ಕೋಣೆಯಲ್ಲಿ ಒಂದು ಬೆಕ್ಕು ಇಟ್ಟಿದ್ದು ನಿಜ, ಇಲಿ ಇಟ್ಟ ನೆನಪಿಲ್ಲ. ಇವರು ಇಲಿ ಸಾಕಿದ್ದಾರೋ? ಸಾಕಿದರೂ ಅದರ ಕೈಗೆ ಯಾಕೆ ಫೋನು ಕೊಡುತ್ತಾರೆ? “ನಮಸ್ಕಾರ, ನಮ್ಮ ಆಟದಲ್ಲಿ ಇಲಿ ಇಲ್ಲ” ಎಂದು ಉತ್ತರ ಬರೆದಳು. “ಅದೇ ಸಮಸ್ಯೆ” ಎಂದು ಮರುಉತ್ತರ ಬಂತು. ತಲೆಬುಡ ಅರ್ಥವಾಗಲಿಲ್ಲ.

ಲೆಕ್ಕ ಹಾಕಿದರೆ, ಬಾಗಿಲು ತೆಗೀರಿ ಎಂದವರು ಹನ್ನೊಂದು ಜನ. ಹೊಗಳಿದವರು ನಾಲ್ಕು. ಭಾನುವಾರ ನಾಲ್ಕರ ಹತ್ತಿರ ಇದ್ದ ಸ್ಟಾರು ಮೂರೂವರೆಯ ಅಂಚಿಗೆ ಬಂದು ಕೂತಿತ್ತು. ದೊಡ್ಡಮ್ಮನಿಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ‘ನಿನ್ನ ಪ್ರಾಣವನ್ನೇ ತೆಗೀಬೇಕಂತೆ’ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಒಂದು ಬಾಗಿಲು ಹೋದರೆ ಆರು ಉಳಿಯುತ್ತವೆ, ಶನಿವಾರ ಕಳೆಯಲಿ, ಆಮೇಲೆ ಮೆಲ್ಲಗೆ ವಾಪಸ್ ಹಾಕಿದರಾಯಿತು ಎಂದುಕೊಂಡಳು. ಬುಧವಾರ ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಟೋಕನ್ ಬರುವಷ್ಟರಲ್ಲಿ, ನಾಲ್ಕನೇ ಬಾಗಿಲನ್ನು ಆಟದಿಂದ ಅಳಿಸಿ ಹಾಕಿದಳು. ಬಾಗಿಲಿದ್ದ ಕಡೆ ಬರೀ ಚೌಕಟ್ಟು ಉಳಿಯಿತು, ಯಾರು ಬೇಕಾದರೂ ನುಗ್ಗಬಹುದಾಗಿತ್ತು. “ನೀವು ಕೇಳಿದಂತೆ ತೆಗೆದಿದ್ದೇವೆ” ಎಂದು ಒಂದು ನಗುಮುಖ ಅಂಟಿಸಿ ಪ್ರಕಟಣೆಯನ್ನೂ ಹಾಕಿದಳು. ಅಷ್ಟು ಖುಷಿ.

ಆ ಖುಷಿ ಒಂದು ದಿನವೂ ಬಾಳಲಿಲ್ಲ.

“ತೆಗೆದಿದೀವಿ ಅಂದ್ರಿ, ಬಾಗಿಲೇ ಇಲ್ವಲ್ರೀ.”

“ಕೈಯಲ್ಲಿ ಕೀ ಇದೆ. ಎಲ್ಲಿ ತೂರಿಸ್ಲಿ?”

“ಎರಡು ಗಂಟೆ ಹುಡುಕಿದೆ. ಬೆಕ್ಕಿನ ಕೆಳಗೂ ನೋಡಿದೆ. ನಾಲ್ಕನೇ ಬಾಗಿಲು ಎಲ್ಲಿದೆ ಅಂತ ಒಂದು ಸುಳಿವು ಕೊಡಿ.”

“ಬಾಗಿಲಿಲ್ಲದ ಬಾಗಿಲು. ಎಂಥ ಆಳವಾದ ಒಗಟು.” ಇವರು ಐದು ಸ್ಟಾರು ಕೊಟ್ಟಿದ್ದರು, ಆದರೆ ಇವರೊಬ್ಬರೇ.

ಸೊಳ್ಳೆಬತ್ತಿ ಬರೆದಿದ್ದರು: “ಇಲಿ ಈಗ ಸುಮ್ಮನೆ ಒಳಗೆ ಹೋಯ್ತು. ಮಜಾ ಬರಲಿಲ್ಲ.”

ಗಡಿಬಿಡಿಗೆ ತಲೆ ಗಿರ್ರೆಂದಿತು. ತೆಗೀರಿ ಎಂದವರೂ ಇವರೇ, ಯಾಕೆ ತೆಗೆದಿರಿ ಎನ್ನುವವರೂ ಇವರೇ. ಹೆಸರುಗಳನ್ನು ಹೋಲಿಸಿ ನೋಡಿದಳು. ಹನ್ನೊಂದರಲ್ಲಿ ಆರು ಜನ ಅವರೇ ಬಂದು ಬೈದಿದ್ದರು. ಇವರಿಗೆ ಬಾಗಿಲು ಬೇಕೋ ಬೇಡವೋ? ಬೇಡವಾದ ಬಾಗಿಲು ಹೋದ ಮೇಲೆ ಬೇಕಾಯಿತೋ? ಗುರುವಾರ ಸಂಜೆಗೆ ಮೂರು ಪಾಯಿಂಟ್ ಮೂರು. ಅವತ್ತು ದೊಡ್ಡಮ್ಮ ಎಂದಿನಂತೆ ಕೇಳಿದಳು: “ನಾಲ್ಕನೇದು ಎಷ್ಟು ಜನ ದಾಟಿದ್ರೇ?”

“ಎಲ್ರೂ” ಎಂದಳು ಗಡಿಬಿಡಿ, ನೆಲ ನೋಡುತ್ತಾ.

“ಎಲ್ರೂನಾ?” ದೊಡ್ಡಮ್ಮ ಕೀ ಉಜ್ಜುತ್ತಿದ್ದ ಅರ ನಿಂತಿತು. “ಒಬ್ರೂ ಒದ್ದಾಡ್ಲಿಲ್ವಾ? ಅಷ್ಟು ಸುಲಭ ಆಗೋಯ್ತಾ ಅದು?”

ಆ ಮುಖ ನೋಡಿ ಗಡಿಬಿಡಿ ಫೋನನ್ನು ಚೀಲಕ್ಕೆ ತುರುಕಿದಳು. ಸುಳ್ಳು ಹೇಳಿದರೂ ದೊಡ್ಡಮ್ಮನಿಗೆ ಖುಷಿಯಾಗಲಿಲ್ಲವಲ್ಲ, ಇನ್ನು ನಿಜ ಹೇಳಿದರೆ ಏನಾದೀತು?

ಶುಕ್ರವಾರ ಕಾಲೇಜಿಗೆ ಚಕ್ಕರ್ ಹೊಡೆದು ಅಂಗಡಿಯ ಮೆಟ್ಟಿಲ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದಾಗ ಎದುರು ಸಾಲಿನ ಕ್ಷೌರದಂಗಡಿಯವನು ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾಚಣಿಗೆ. ಯಾರನ್ನೋ ಅರ್ಧ ಕತ್ತರಿಸಿ ಬಿಟ್ಟು ಬಂದಿದ್ದ.

“ಅಕ್ಕಾ, ನಮ್ಮಂಗಡಿ ಹಿಂದಿನ ಬಾಗಿಲು ತೆಗೀಬೇಕಿತ್ತು.”

ದೊಡ್ಡಮ್ಮ ತಲೆ ಎತ್ತದೆ ಕೇಳಿದಳು. “ಇರ್ಬೇಕಾ, ಹೋಗ್ಬೇಕಾ?”

“ಏನದು ಅಕ್ಕಾ?”

“ಬಾಗಿಲು. ತೆಗೆದ ಮೇಲೆ ಇರ್ಬೇಕಾ, ಹೋಗ್ಬೇಕಾ?”

“ಇರ್ಬೇಕು ಅಕ್ಕಾ. ಬಾಗಿಲಿಲ್ದೆ ಹೇಗೆ? ಕೀ ಒಳಗೇ ಮುರಿದಿದೆ, ಅಷ್ಟೇ.”

“ಹಾಗೆ ಹೇಳು.” ದೊಡ್ಡಮ್ಮ ಸಣ್ಣ ಚಿಮಟವನ್ನು ಚೀಲಕ್ಕೆ ಹಾಕಿಕೊಂಡಳು. ದೊಡ್ಡ ಸ್ಕ್ರೂಡ್ರೈವರನ್ನು ಮೊಳೆಗೇ ವಾಪಸ್ ನೇತುಹಾಕಿದಳು. ಕ್ಷೌರದವನು ಇನ್ನೂ ಬಾಯಿಬಿಟ್ಟುಕೊಂಡು ನಿಂತಿದ್ದನ್ನು ನೋಡಿ ವಿವರಿಸಿದಳು. “ಕೆಲಸ ಶುರು ಮಾಡಿದ ಹೊಸದ್ರಲ್ಲಿ ಹಲ್ಲಿನ ಡಾಕ್ಟರೊಬ್ರು, ‘ಬಾಗಿಲು ತೆಗೆದಿಡಿ, ಊಟ ಮುಗಿಸ್ಕೊಂಡು ಬರ್ತೀನಿ’ ಅಂದ್ರು. ನಾನೇನ್ ಮಾಡ್ದೆ, ಹಿಂಜು ಸಮೇತ ಕಳಚಿ, ನೀಟಾಗಿ ಗೋಡೆಗೆ ಒರಗಿಸಿ ಇಟ್ಟೆ. ಎರಡು ದಿನ ಊರಿನ ಮಕ್ಕಳೆಲ್ಲ ಬೀದೀಲಿ ನಿಂತು ಹಲ್ಲು ಕೀಳೋದು ನೋಡಿದ್ವು. ಅವತ್ತಿಂದ, ಕೇಳದೆ ನಾನು ಸ್ಕ್ರೂ ಮುಟ್ಟಲ್ಲ.”

ಕ್ಷೌರದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗಡಿಬಿಡಿ ನಗಲಿಲ್ಲ. ತೆಗೀರಿ. ತೆಗೆದುಬಿಡಿ. ತೆಗೀರಪ್ಪಾ. ಹನ್ನೊಂದು ಕಾಮೆಂಟೂ ಒಂದೊಂದಾಗಿ ಬಂದು ಮುಂದೆ ನಿಂತವು. ಬಾಗಿಲು ತೆಗಿ ಎಂದು ತಾನೇ ದಿನಕ್ಕೆ ಹತ್ತು ಸಲ ಮನೆಯ ಹೊರಗೆ ನಿಂತು ಕೂಗುತ್ತಾಳಲ್ಲ, ಯಾವತ್ತಾದರೂ ಅಮ್ಮ ಬಾಗಿಲು ಕಿತ್ತು ಕೈಗೆ ಕೊಟ್ಟಿದ್ದಾಳೆಯೇ?

“ದೊಡ್ಡಮ್ಮ.”

“ಏನೇ?”

“ನಾನೂ ಕಳಚಿ ಗೋಡೆಗೆ ಒರಗಿಸಿಬಿಟ್ಟೆ.”

ಕ್ಷೌರದವನಿಗೆ ಇದು ಮನೆ ಮಾತು ಎಂದು ತಿಳಿಯಿತು. “ಗಿರಾಕಿ ಕಾಯ್ತಿದಾರೆ, ಆಮೇಲೆ ಬನ್ನಿ ಅಕ್ಕಾ” ಎಂದು ಜಾರಿಕೊಂಡ. ಗಡಿಬಿಡಿ ಎಲ್ಲವನ್ನೂ ಹೇಳಿದಳು. ತೆಗೀರಿ ಎಂದ ಹನ್ನೊಂದು ಜನ, ಹೊಗಳಿದ ನಾಲ್ಕು ಜನ, ಕ್ಯಾಂಟೀನಿನ ಸಾಲು, ನಗುಮುಖ, ‘ಎಲ್ರೂ’ ಎಂಬ ಸುಳ್ಳು, ಈಗಿನ ಮೂರು ಪಾಯಿಂಟ್ ಒಂದು. ದೊಡ್ಡಮ್ಮ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಕೂತಳು. ಬೈಗುಳ ಬರುತ್ತದೆಂದು ಗಡಿಬಿಡಿ ಕಾದಳು. ಬರಲಿಲ್ಲ.

“ನನ್ನ ನಾಲ್ಕನೇದು ಎಲ್ಲೋಯ್ತು ಈಗ?”

“ಹಳೇ ಪ್ರತಿ ಇದೆ ದೊಡ್ಡಮ್ಮ. ಒಂದು ನಿಮಿಷ ಸಾಕು, ವಾಪಸ್ ಹಾಕ್ತೀನಿ.”

“ತಾಳು. ಗಡಿಬಿಡಿ ಅಂತ ಹೆಸರಿಟ್ಟಿದ್ದು ನಾನೇ, ಹಾಗಂತ ದಿನಾ ಅದನ್ನ ನಿಜ ಮಾಡ್ಬೇಡ. ಅವರು ತೆಗೀರಿ ಅಂದಿದ್ದು ತೆರೀರಿ ಅಂತ. ಸರಿ. ಆದ್ರೆ ಅವರಿಗ್ಯಾಕೆ ತೆರೆಯೋಕಾಗ್ಲಿಲ್ಲ? ನಾಲ್ಕು ಜನಕ್ಕೆ ಆಗಿದೆಯಲ್ಲ.”

ಈ ಪ್ರಶ್ನೆ ಗಡಿಬಿಡಿಗೆ ಹೊಳೆದೇ ಇರಲಿಲ್ಲ. “ಗೊತ್ತಿಲ್ಲ. ನಂಗಂತೂ ಪ್ರತಿ ಸಲ ಬರುತ್ತೆ.”

“ಎಲ್ಲಿ ತಿರುಗಿಸಿ ನೋಡ್ದೆ?”

“ನನ್ ಫೋನಲ್ಲಿ.”

“ನಾನು ಕೀ ಕೊರೆದು ನನ್ನಂಗಡೀಲೇ ತಿರುಗಿಸಿ ದುಡ್ಡಿಸ್ಕೋತೀನಾ? ಅವರ ಮನೆಗೆ ಹೋಗಿ, ಅವರ ಬಾಗಿಲಲ್ಲಿ ತಿರುಗಿಸಿ ತೋರಿಸ್ತೀನಿ. ಇವರೆಲ್ಲ ಎಲ್ಲಿ ಆಡೋದು?”

“ಕೆಲವ್ರು ಫೋನಲ್ಲಿ. ಕೆಲವ್ರು ಕಂಪ್ಯೂಟರಲ್ಲಿ ಇರ್ಬೇಕು.”

“ಕಂಪ್ಯೂಟರ್ ಎಲ್ಲಿದೆ?”

ಕಂಪ್ಯೂಟರ್ ಇದ್ದದ್ದು ಬೀದಿಯ ತುದಿಯ ಗ್ರಂಥಾಲಯದಲ್ಲಿ. ಅಲ್ಲಿಗೆ ಹೊರಡುವ ಮುಂಚೆ ಗಡಿಬಿಡಿ ಆಟದ ಪುಟದಲ್ಲಿ ಹೊಸ ಪ್ರಕಟಣೆ ಹಾಕಿದಳು, ಈ ಸಲ ದೊಡ್ಡಮ್ಮ ಹೇಳಿದ್ದನ್ನು ಹೇಳಿದ ಹಾಗೇ: “ನಾಲ್ಕನೇ ಬಾಗಿಲು ಇರಬೇಕಾ, ಹೋಗಬೇಕಾ?” ಗ್ರಂಥಾಲಯದ ಮೆಟ್ಟಿಲು ಹತ್ತುವಷ್ಟರಲ್ಲಿ ಉತ್ತರಗಳು ಬರತೊಡಗಿದವು. ಇರಬೇಕು. ಇರಬೇಕು. “ತೆಗೀರಿ ಅಂದಿದ್ದು ತೆರೀರಿ ಅಂತ ತಾಯಿ, ಕಿತ್ತಾಕಿ ಅಂತ ಅಲ್ಲ.” “ಬಾಗಿಲೂ ಇರಲಿ, ಬೆಕ್ಕೂ ಇರಲಿ.”

ಗ್ರಂಥಾಲಯದಲ್ಲಿ ಮೂರು ಕಂಪ್ಯೂಟರು, ಒಂದು ಕೆಟ್ಟಿತ್ತು. ಗಡಿಬಿಡಿ ಹಳೇ ಪ್ರತಿಯನ್ನು ತೆರೆದು, ದೊಡ್ಡಮ್ಮನನ್ನು ನಾಲ್ಕನೇ ಬಾಗಿಲ ಮುಂದೆ ಕೂರಿಸಿದಳು. ತನ್ನ ರಟ್ಟಿನ ಮೇಲಿನ ಬೀಗ ಅಷ್ಟು ದೊಡ್ಡದಾಗಿ, ಹಿತ್ತಾಳೆಯ ಬಣ್ಣದಲ್ಲಿ ಹೊಳೆಯುವುದನ್ನು ದೊಡ್ಡಮ್ಮ ಅದೇ ಮೊದಲು ನೋಡಿದ್ದು. ಆಮೇಲೆ ಮೌಸಿನ ಮೇಲೆ ಕೈಯಿಟ್ಟು, ಬಾಣದ ಗುರುತನ್ನು ಕೀಯ ಮೇಲೆ ತಂದು ಒತ್ತಿದಳು. ಎಳೆದಳು. ಕೀ ಅಲುಗಲಿಲ್ಲ. ಮತ್ತೆ ಒತ್ತಿದಳು.

“ಇನ್ನೊಂದು ಬೆರಳು ಎಲ್ಲಿಡ್ಲಿ?”

“ಯಾವ್ ಬೆರಳು?”

“ಹೆಬ್ಬೆರಳು ಕಣೇ. ಇಲ್ಲಿ ಒಂದೇ ಬಾಣ ಇದೆ. ಎರಡನೇ ಬೆರಳು ಎಲ್ಲಿ?”

ಗಡಿಬಿಡಿ ಪರದೆ ನೋಡಿದಳು, ಮೌಸು ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಹಣೆ ಚಚ್ಚಿಕೊಳ್ಳಲು ಕೈ ಎತ್ತಿದಾಗ ಗ್ರಂಥಾಲಯದ ಮೇಡಂ ಪಕ್ಕಕ್ಕೆ ಬಂದು ನಿಂತರು.

“ಆ ಮೌಸ್ ಹಿಡ್ಕೊಂಡು ಹಾಗೆ ಕುಟ್ಟಬೇಡಿ ಅಮ್ಮ. ಇರೋದೇ ಎರಡು. ನಮ್ಮ ಹುಡುಗರು ಅದನ್ನ ಇಲಿ ಇಲಿ ಅಂತ ಆಡಿಸಿ, ಒಂದರ ಬಾಲ ಈಗಾಗ್ಲೇ ಕಿತ್ತಿದಾರೆ.”

“ಇಲಿ” ಎಂದಳು ಗಡಿಬಿಡಿ.

“ಹೂಂ, ಇಲಿ.”

“ಇಲಿ” ಎಂದಳು ಗಡಿಬಿಡಿ ಮತ್ತೆ, ಕುರ್ಚಿಗೆ ಒರಗಿ. ಮೇಡಂ ಹುಡುಗಿಗೆ ಹುಷಾರಿಲ್ಲವೇ ಎಂದು ದೊಡ್ಡಮ್ಮನಿಗೆ ಕಣ್ಣಲ್ಲೇ ಕೇಳಿದರು. ಹುಟ್ಟಿದಾಗಿಂದ ಹೀಗೇ ಎಂದು ದೊಡ್ಡಮ್ಮ ಕೈಸನ್ನೆ ಮಾಡಿದಳು.

ದಾರಿ ಹೇಳಿದ್ದೂ ದೊಡ್ಡಮ್ಮನೇ. “ಒಂದೇ ಕೈ ಇರೋ ಗಿರಾಕಿಗೂ ನಾನು ಬೀಗ ಮಾಡಿಕೊಟ್ಟಿದೀನಿ. ಒಂದು ಸಲ ಒತ್ತಿದ್ರೆ ಹೆಬ್ಬೆರಳು ಅಲ್ಲೇ ಕೂತ ಲೆಕ್ಕ. ಆಮೇಲೆ ಒಂದು ಬೆರಳಲ್ಲಿ ತಿರುಗಿಸ್ಲಿ. ಆದ್ರೆ ಕಾಯೋದು ಕಾಯಲೇಬೇಕು, ಅದನ್ನ ಬಿಡಲ್ಲ ನಾನು.” ಗಡಿಬಿಡಿ ಫೋನಿನಲ್ಲಿ ತಿದ್ದುತ್ತಾ ಹೋದಳು, ದೊಡ್ಡಮ್ಮ ಕಂಪ್ಯೂಟರಿನಲ್ಲಿ ತಿರುಗಿಸುತ್ತಾ ಹೋದಳು. ಐದನೇ ಸಲಕ್ಕೆ ಆ ಸದ್ದು ಬಂತು, ‘ಕಟ್’. ತನ್ನದೇ ಬೀಗ ತೆಗೆದ ದೊಡ್ಡಮ್ಮನ ಮುಖ ನೋಡಬೇಕಿತ್ತು.

ಶುಕ್ರವಾರ ಸಂಜೆಗೆ ಬಾಗಿಲು ವಾಪಸ್ ಬಂತು. ಪ್ರಕಟಣೆಯಲ್ಲಿ ಗಡಿಬಿಡಿ ಇಲಿಯ ಕ್ಷಮೆಯನ್ನೂ ಕೇಳಿದಳು. ಶನಿವಾರ ಬೆಳಿಗ್ಗೆ ಮೂರು ಪಾಯಿಂಟ್ ಎರಡು. ಮಧ್ಯಾಹ್ನ ಮೂರು ಪಾಯಿಂಟ್ ಮೂರು. ಹಳೇ ಒಂದು ಸ್ಟಾರಿನವರು ಒಬ್ಬೊಬ್ಬರಾಗಿ ಬಂದು ನಾಲ್ಕು, ಐದು ಎಂದು ತಿದ್ದುತ್ತಿದ್ದರು, ಆದರೆ ನಿಧಾನವಾಗಿ. ಐದೂವರೆಗೆ ಮೂರು ಪಾಯಿಂಟ್ ನಾಲ್ಕು. ಆಮೇಲೆ ಸೈಟು ಸ್ಟಾರುಗಳನ್ನೇ ಮುಚ್ಚಿ “ಎಣಿಕೆ ನಡೆಯುತ್ತಿದೆ” ಎಂದು ತೋರಿಸತೊಡಗಿತು. ದೊಡ್ಡಮ್ಮ ಅಂಗಡಿಯಲ್ಲಿ ಕೂತು ಗಿರಾಕಿಯ ಕೀ ಒಂದನ್ನು ಅರದಿಂದ ಉಜ್ಜುತ್ತಾ ಇದ್ದಳು. ಉಜ್ಜಿದ್ದು ಸಾಕಾಗಿ ಎಷ್ಟೋ ಹೊತ್ತಾಗಿತ್ತು.

ಆರು ಗಂಟೆ ಎರಡು ನಿಮಿಷಕ್ಕೆ ಫೋನು ಟಿಂಗ್ ಎಂದಿತು.

“ಏನಂತೆ?” ಎಂದಳು ದೊಡ್ಡಮ್ಮ.

ಗಡಿಬಿಡಿ ಓದಿದಳು. ಮತ್ತೆ ಓದಿದಳು. “ನಿಮ್ಮ ಆಟವನ್ನು ತೆಗೆಯಲಾಗಿದೆ. ಧನ್ಯವಾದ.”

“ತೆಗೆಯಲಾಗಿದೆ ಅಂದ್ರೆ?”

“ಅದೇ ದೊಡ್ಡಮ್ಮ. ತೆಗೆದಿದಾರೆ.”

“ಎಲ್ರಿಗೂ ಅಂತ ತೆರೆದಿದಾರಾ, ಕಿತ್ತು ಬಿಸಾಕಿದಾರಾ?”

“ಅದನ್ನ ಬರೆದಿಲ್ಲ.”

“ಇರ್ಬೇಕಾ, ಹೋಗ್ಬೇಕಾ ಅಂತ ಒಂದು ಮಾತು ಕೇಳೋದಕ್ಕೇನು ಇವರಿಗೆ” ಎಂದು ದೊಡ್ಡಮ್ಮ ಗೊಣಗಿದಳು. “ಲಿಂಕ್ ಒತ್ತು.”

“ಭಯ ಆಗ್ತಿದೆ.”

“ಒತ್ತು ಅಂದ್ನಲ್ಲ. ಬೀಗದ ಮುಂದೆ ನಿಂತು ಭಯ ಪಟ್ರೆ ತೆರ್ಕೊಳುತ್ತಾ?”

ಗಡಿಬಿಡಿ ಒತ್ತಿದಳು. ಬಿಳಿ ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಇಬ್ಬರ ತಲೆಗಳೂ ಫೋನಿನ ಮೇಲೆ ಬಾಗಿ ಒಂದಕ್ಕೊಂದು ತಾಗಿದವು. ಆಮೇಲೆ ಮೂಲೆಯಿಂದ ಮೂಲೆಗೆ ಬಣ್ಣ ತುಂಬುತ್ತಾ ಮೊದಲನೇ ಕೋಣೆ ಬಂತು. ಮೊದಲನೇ ಬಾಗಿಲು ಬಂತು. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಮೂರೂವರೆ ಸ್ಟಾರು. ಕೂದಲೆಳೆಯಷ್ಟೂ ಹೆಚ್ಚಿಲ್ಲ.

“ತೆಗೆದಿದಾರೆ ದೊಡ್ಡಮ್ಮ” ಎಂದಳು ಗಡಿಬಿಡಿ. “ಇರೋ ಹಾಗೆ.”

ದೊಡ್ಡಮ್ಮ ಕೈಯಲ್ಲಿದ್ದ ಕೀಯನ್ನು ನೋಡಿ, “ಇದರ ಹಲ್ಲೇ ಸವೆಸಿಬಿಟ್ಟೆ, ಹೊಸದು ಕೊರೀಬೇಕು” ಎಂದು ಎದ್ದು ಗೋಡೆಯ ಕಡೆ ತಿರುಗಿದಳು. ಮೊಳೆಯಿಂದ ಕೀ ಬಿಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು. “ನಾಲ್ಕನೇದು ಎಷ್ಟು ಜನ ದಾಟಿದ್ರು?”

“ಇಪ್ಪತ್ತಾರು. ಹದಿನಾಲ್ಕು ಜನ ಇನ್ನೂ ಒದ್ದಾಡ್ತಿದಾರೆ.”

“ಒದ್ದಾಡ್ಲಿ” ಎಂದಳು ದೊಡ್ಡಮ್ಮ, ತೃಪ್ತಿಯಿಂದ.

ಅಷ್ಟರಲ್ಲಿ ಫೋನು ಮತ್ತೆ ಟಿಂಗ್ ಎಂದಿತು. ಕಾಲುಚೀಲದ ಕಾಮೆಂಟು. ಗಡಿಬಿಡಿ ಜೋರಾಗಿ ಓದಿದಳು.

“ಏಳೂ ಬಾಗಿಲು ತೆಗೆದೆ. ಕುರ್ಚಿ ಮೇಲೆ ಕೂತೆ. ಈಗ ಏಳೋದು ಹೇಗೆ?”

ಗಡಿಬಿಡಿ ತಬ್ಬಿಬ್ಬಾದಳು. ಕೂರಿಸುವುದನ್ನು ಬರೆದಿದ್ದಳು. ಎಬ್ಬಿಸುವುದನ್ನು ಬರೆದೇ ಇರಲಿಲ್ಲ. ಅಂದರೆ ಭಾನುವಾರದಿಂದ ಆಟ ಮುಗಿಸಿದವರೆಲ್ಲ ಅಲ್ಲೇ ಕೂತಿದ್ದಾರೆಯೇ? ಬೆರಳು ಆಗಲೇ ಕುರ್ಚಿ ಅಳಿಸುವ ಗುಂಡಿಯ ಮೇಲೆ ಹೋಗಿತ್ತು.

“ತಾಳು ಅಂದೆ” ಎಂದಳು ದೊಡ್ಡಮ್ಮ, ತಿರುಗದೆಯೇ. “ಮೊದ್ಲು ಅವರನ್ನ ಕೇಳು. ಏಳ್ಬೇಕಾ, ಇನ್ನೊಂದ್ ಸ್ವಲ್ಪ ಹೊತ್ತು ಕೂತಿರ್ಬೇಕಾ ಅಂತ.”